ಕಣ್ಣೀರ ಸುಳಿಯ ಬಿಜಲಿ

ಹೊಸ ಗಾಡಿ ಕೊಳ್ಳುವವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲ. ಅದಕ್ಕೆ ಕಾರಣವೂ ಇದೆ. ಮೊನ್ನೆ ತಂಗಿಯ ಮಗ ಕಾರು ತಂದ. ಎಲ್ಲರೂ ಒಳಗೆ ಕೂತು ಸೀಟು ಎಷ್ಟು ಮೆತ್ತಗಿದೆ ಎಂದು ಹೊಗಳುತ್ತಿದ್ದರೆ, ನಾನು ಮಂಡಿನೋವನ್ನೂ ಲೆಕ್ಕಿಸದೆ ಮುಂದೆ ಹೋಗಿ ಬಗ್ಗಿ, ಎಡಗಡೆಯ ದೀಪದ ಕೆಳಗೆ ಬೆರಳಾಡಿಸಿ ನೋಡುತ್ತಿದ್ದೆ. "ದೊಡ್ಡವ್ವ, ಅಲ್ಲೇನ ಹುಡಕಾಕತ್ತಿ?" ಎಂದು ಅವನು ಕೇಳಿದ. ಏನಿಲ್ಲ ಎಂದೆ. ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಅವರು ಮುಖ ಆಚೆ ತಿರುಗಿಸಿ ನಗುತ್ತಿದ್ದರು. ಕಣ್ಣಿನ ಕೆಳಗೆ ಸುಳಿ ಇದೆಯೇ ಎಂದು ನೋಡದೆ ನಾನು ಯಾವ ವಾಹನವನ್ನೂ ಮನೆಯೊಳಗೆ ಬಿಟ್ಟುಕೊಳ್ಳುವವಳಲ್ಲ. ಸುಳಿ ಇದ್ದರೂ ಬಿಟ್ಟುಕೊಳ್ಳುತ್ತೇನೆ, ಆ ಮಾತು ಬೇರೆ. ಆದರೆ ನೋಡಿರಬೇಕು.

ನನ್ನ ಮೊದಲ ವಾಹನ ಕುದುರೆ. ಕುದುರೆ ಎಂದ ಕೂಡಲೇ ಬೆನ್ನಿಗೆ ಜರಿಯ ಬಟ್ಟೆ ಹೊದ್ದು, ಕತ್ತು ಬಿಲ್ಲಿನಂತೆ ಬಗ್ಗಿಸಿ ಕುಣಿಯುವ ಬಿಳಿ ಕುದುರೆಯನ್ನು ನೆನೆಸಿಕೊಳ್ಳಬೇಡಿ. ನನ್ನದು ತಟ್ಟು. ಗಿಡ್ಡ ಕಾಲು, ದಪ್ಪ ಹೊಟ್ಟೆ, ಒಣಗಿದ ಕಬ್ಬಿನೆಲೆಯ, ಅಂದರೆ ರವದಿಯ ಬಣ್ಣ. ಮೇಲೆ ಕೂತರೆ ಎತ್ತರಕ್ಕೆ ಏರಿದೆ ಅನ್ನಿಸುವುದಿಲ್ಲ. ಕುರ್ಚಿಯೇ ನಡೆಯತೊಡಗಿದೆ ಅನ್ನಿಸುತ್ತದೆ. ಆದರೂ ಕುದುರೆಯೇ. ಅದರ ಮೇಲೆ ಕೂತು ಶಾಲೆಗೆ ಹೋಗಿ ಬಂದ ಟೀಚರು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಎಂದು ನಾನೇ ತೀರ್ಮಾನಿಸಿದ್ದೇನೆ. ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.

ಕುದುರೆಗಳ ವಿಷಯದಲ್ಲಿ ನನ್ನ ಜ್ಞಾನ ಚಿಕ್ಕಂದಿನದು. ನಾನು ಹುಟ್ಟಿ ಬೆಳೆದದ್ದು ನಿಪ್ಪಾಣಿ. ತಂಬಾಕು ತುಂಬಿಡುವ ವಖಾರಗಳ ಎದುರಿಗೇ ನಮ್ಮ ಮನೆ. ಆ ಓಣಿಯಲ್ಲಿ ಯಾರಾದರೂ ಸೀನಿದರೆ ನೆಂಟರು ಬಂದಿದ್ದಾರೆಂದು ತಿಳಿಯುತ್ತಿತ್ತು. ನಮ್ಮ ಮೂಗುಗಳು ಎಂದೋ ರಾಜಿ ಮಾಡಿಕೊಂಡಿದ್ದವು. ಪಕ್ಕದ ಮನೆಯ ಟಾಂಗಾದ ಚಾಚಾ ನನ್ನನ್ನು ಮುಂದೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಸುತ್ತಾಡಿಸುತ್ತಿದ್ದರು. ಒಮ್ಮೊಮ್ಮೆ ಲಗಾಮೂ ನನ್ನ ಕೈಗೆ ಬರುತ್ತಿತ್ತು. ಹೀಗಾಗಿ ಕುದುರೆಯ ಬಗ್ಗೆ ನನಗೆ ಗೊತ್ತಿದ್ದದ್ದು ಕಡಿಮೆಯಲ್ಲ, ಆದರೆ ಎಲ್ಲವೂ ಅದರ ಹಿಂಭಾಗಕ್ಕೆ ಸೇರಿದ್ದು. ಬಾಲ ಯಾವಾಗ ಏಳುತ್ತದೆ, ಎದ್ದಾಗ ಕಾಲನ್ನು ಎಷ್ಟು ಬೇಗ ಮೇಲೆಳೆದುಕೊಳ್ಳಬೇಕು, ಇಂಥ ವಿಷಯಗಳಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮುಂಭಾಗ ಇರುತ್ತದೆಂದು ಗೊತ್ತಿತ್ತು, ಪರಿಚಯವಿರಲಿಲ್ಲ.

ಇನ್ನು ಬೇಡಕಿಹಾಳದ ನಮ್ಮ ಮಾಮಾ. ಅವರಿಗೆ ಶರ್ಯತ್ತಿನ, ಅಂದರೆ ಓಟದ ಪಂದ್ಯದ ಹುಚ್ಚು. ನಮ್ಮ ಕಡೆಯ ಗಾಡಿ ಶರ್ಯತ್ತಿನಲ್ಲಿ ಒಂದು ಬಗೆಯಿದೆ, ಒಂದೇ ನೊಗಕ್ಕೆ ಒಂದು ಕಡೆ ಎತ್ತು, ಒಂದು ಕಡೆ ಕುದುರೆ ಕಟ್ಟುತ್ತಾರೆ. ಕುದುರೆಗೆ ಹಾರುವ ಆತುರ, ಎತ್ತಿಗೆ ತನ್ನ ಲಯ ಕೆಡಬಾರದೆಂಬ ಹಟ. ಮಾಮಾ ಇಬ್ಬರನ್ನೂ ಬೈಯುತ್ತ, ಇಬ್ಬರನ್ನೂ ಮುದ್ದಿಸುತ್ತ ಹೊಲದಲ್ಲಿ ತಾಲೀಮು ಮಾಡಿಸುತ್ತಿದ್ದರು. ಮುಂದೆ ನನಗೆ ಮದುವೆಯಾದಾಗ ಆ ನೊಗ ಬಹಳ ನೆನಪಾಯಿತು. ನಮ್ಮಿಬ್ಬರಲ್ಲಿ ಕುದುರೆ ಯಾರು, ಎತ್ತು ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಮದುವೆಯಾಗಿ ನಾನು ಬಂದದ್ದು ಶಿರಗುಪ್ಪಿ ಕಡೆಯ ಒಂದು ಊರಿಗೆ. ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆಯವರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮನೆಯ ಯಜಮಾನಿಕೆ ಅತ್ತೆಯದು. ಮಗ ಅಂಬೆಗಾಲಿಡುತ್ತಿದ್ದಾಗಲೇ ಗಂಡನನ್ನು ಕಳೆದುಕೊಂಡು, ದಾಯಾದಿಗಳ ಬಾಯಿಗೆ ಹೋಗಬೇಕಿದ್ದ ಕಬ್ಬಿನ ಹೊಲವನ್ನು ಕಚ್ಚಿ ಹಿಡಿದು ಉಳಿಸಿಕೊಂಡ ಹೆಣ್ಣುಮಗಳು. ಮಾತು ಕಡಿಮೆ. ಅವರು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಗದ್ದೆಯಲ್ಲಿ ನೀರು ಕಟ್ಟುವವರು ಎರಡು ಬದು ಆಚೆಗೇ ನೆಟ್ಟಗಾಗುತ್ತಿದ್ದರು.

ಮದುವೆಯ ಮರುವರ್ಷ ನನಗೆ ಸರ್ಕಾರಿ ಶಾಲೆಯ ನೌಕರಿ ಸಿಕ್ಕಿತು. ಶಾಲೆ ಊರಲ್ಲಿರಲಿಲ್ಲ, ಊರಾಚೆ ದೂರದ ತೋಟದಲ್ಲಿತ್ತು. ನಮ್ಮ ಕಡೆ ರೈತರು ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಅಂಥ ಮನೆಗಳ ಮಕ್ಕಳಿಗಾಗಿ ತೋಟದ ಶಾಲೆಗಳು. ಒಂದು ಕೋಣೆ, ಒಂದು ಬೇವಿನ ಮರ, ನಾನು. ನಾನು ಹೋಗದಿದ್ದರೆ ಶಾಲೆಯೇ ಇಲ್ಲ. ಆ ಮಕ್ಕಳು ನನ್ನನ್ನು ಎಷ್ಟು ಹಚ್ಚಿಕೊಂಡಿದ್ದರು, ನಾನು ಅವರನ್ನು ಎಷ್ಟು ಹಚ್ಚಿಕೊಂಡಿದ್ದೆ ಎಂದರೆ ಭಾನುವಾರ ಬಂದರೆ ನನಗೆ ಬೇಸರವಾಗುತ್ತಿತ್ತು. ಇದನ್ನು ಬೇರೆ ಟೀಚರುಗಳ ಎದುರು ಹೇಳಿ ಬೈಸಿಕೊಂಡಿದ್ದೇನೆ.

ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಸೈಕಲ್ಲು ಸಾಕಿತ್ತು. ಮಳೆಗಾಲ ಬಂದರೆ ಮುಗಿಯಿತು. ಎರೆಮಣ್ಣಿನ ಗುಣ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಅದು ಒದ್ದೆಯಾದರೆ ಬಂದವರನ್ನು ಸುಮ್ಮನೆ ಕಳಿಸುವುದಿಲ್ಲ. ಸೈಕಲ್ಲಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಸೈಕಲ್ಲು ನಮ್ಮ ಹೆಗಲ ಮೇಲೆ ಪ್ರಯಾಣ ಮಾಡುತ್ತದೆ. ನಡೆದು ಹೋದರೆ ಚಪ್ಪಲಿ ಹಿಂದೆ ಉಳಿಯುತ್ತದೆ, ಕಾಲು ಮುಂದೆ ಹೋಗುತ್ತದೆ, ಆಮೇಲೆ ಕಾಲೂ ಹೋಗುವುದಿಲ್ಲ.

ಬೆಳಿಗ್ಗೆ ಹೇಗೋ ಹೋಗಿಬಿಡುತ್ತಿದ್ದೆ. ತೊಂದರೆಯಿದ್ದದ್ದು ಸಂಜೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮಳೆಗಾಲದ ಚಾತುರ್ಮಾಸದಲ್ಲಂತೂ ಅತ್ತೆ ನೀರನ್ನೂ ಮುಟ್ಟುತ್ತಿರಲಿಲ್ಲ. ಕೆಸರಲ್ಲಿ ಕಾಲು ಕೀಳುತ್ತ ನಾನು ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ನಾನು ಉಪವಾಸ ಮಲಗುವುದಿರಲಿ, ವಯಸ್ಸಿದೆ, ತಡೆಯುತ್ತದೆ. ಆದರೆ ಸೊಸೆ ಹಸಿದು ಬರುವಾಗ ತಾನು ಉಂಡು ಕೂರುವುದು ಹೇಗೆಂದು ಅತ್ತೆಯೂ ಹೊರಗಿನ ಕಟ್ಟೆಯ ಮೇಲೆ ದಾರಿ ನೋಡುತ್ತ ಕೂತಿರುತ್ತಿದ್ದರು. ಸೂರ್ಯ ಅವರ ಕಣ್ಣೆದುರೇ ಇಳಿದು ಹೋಗುತ್ತಿದ್ದ. ನಾನು ಬಂದ ಮೇಲೆ ಏನೂ ಅನ್ನದೆ ಎದ್ದು, ಮಾಡಿದ ರೊಟ್ಟಿ ಪಲ್ಯ ಎತ್ತಿಟ್ಟು, ಒಳಗೆ ಹೋಗಿ ಮಲಗುತ್ತಿದ್ದರು. ಬೈದಿದ್ದರೆ ನನಗೆ ಹಿತವಾಗುತ್ತಿತ್ತು.

ಹಾಗೆ ಒಂದು ಮಳೆಗಾಲ ಕಳೆಯಿತು. ಅದು ಮುಗಿದು ಆಕಾಶ ಹೊಳಪಾದ ಒಂದು ದಿನ ಅತ್ತೆ ನನ್ನನ್ನು ಕರೆದರು.

"ನೋಡ ಹುಡುಗಿ, ಬರೂ ಮಳಿಗಾಲದಾಗ ಹೊತ್ತ ಮುಳಗೂದರೊಳಗ ಮನಿಗೆ ಬರೂದಾದರ ಸಾಲಿಗೆ ಹೋಗು. ಇಲ್ಲಂದ್ರ ನೌಕರಿ ಬಿಟ್ಟಬಿಡು. ಇಬ್ಬರೂ ಉಪಾಸ ಬೀಳೂದು ಸಾಕಾತು."

ನ್ಯಾಯವಾದ ಮಾತು. ಜಗಳವಾಡಲು ಅದರಲ್ಲಿ ಒಂದು ಎಳೆಯೂ ಸಿಗಲಿಲ್ಲ. ಬರುತ್ತೇನೆ ಎಂದೆ. ಹೇಗೆ ಬರುತ್ತೇನೆಂದು ನನಗೇ ಗೊತ್ತಿರಲಿಲ್ಲ, ಆದರೆ ಧ್ವನಿಯಲ್ಲಿ ಅದು ತಿಳಿಯದಂತೆ ನೋಡಿಕೊಂಡೆ. ನಮ್ಮ ಮನೆಯವರು ಮೊಪೆಡ್ ಕೊಡಿಸುತ್ತೇನೆಂದರು. ಸೈಕಲ್ಲಾದರೆ ಹೆಗಲ ಮೇಲೆ ಹೊರಬಹುದು, ಮೊಪೆಡ್ ಹೊರಲು ನಾನು ಮತ್ತೊಬ್ಬಳನ್ನು ಕಟ್ಟಿಕೊಂಡು ಬರಬೇಕಾಗುತ್ತದೆ ಎಂದೆ. ಹಾಗೆ ಯೋಚಿಸುತ್ತಿರುವಾಗ ಒಂದು ದಿನ ಶಾಲೆಯ ಕಿಟಕಿಯಿಂದ ಕುರುಬರ ಹಿಂಡು ಹೋಗುವುದು ಕಂಡಿತು. ಹಿಂಡಿನ ಹಿಂದೆ ಒಂದು ತಟ್ಟು. ಬೆನ್ನ ಮೇಲೆ ಪಾತ್ರೆ, ಕಂಬಳಿ, ಕೋಳಿಯ ಬುಟ್ಟಿ, ಎರಡು ಕುರಿಮರಿ. ಇಷ್ಟನ್ನೂ ಹೊತ್ತು ನೀರು ಹಾಯಿಸಿದ ಹೊಲದ ರಾಡಿಯಲ್ಲಿ ನಿದ್ದೆಗಣ್ಣಿನಲ್ಲಿ ನಡೆದು ಹೋಯಿತು. ಆ ಸಾಮಾನಿಗಿಂತ ನಾನೇನು ಭಾರವಲ್ಲ ಎನ್ನಿಸಿತು. ಕೋಳಿಗಳಿಗಿಂತ ಸದ್ದೂ ಕಡಿಮೆ ಮಾಡುತ್ತೇನೆ.

ಏಪ್ರಿಲ್ಲಿನಲ್ಲಿ ಅಥಣಿ ಕಡೆಯ ಒಂದು ದನದ ಸಂತೆಗೆ ನಾವಿಬ್ಬರೂ ಹೋದೆವು. ದನಗಳ ಸಾಲು ದಾಟಿ, ಎಮ್ಮೆಗಳನ್ನು ದಾಟಿ ಕೊನೆಯಲ್ಲಿ ನಾಲ್ಕಾರು ತಟ್ಟುಗಳು. ಅವುಗಳ ನಡುವೆ ಒಂದು ಹೆಣ್ಣು, ಹಣೆಯಿಂದ ಕೆನ್ನೆಯವರೆಗೆ ಕೆಂಪು ಉಣ್ಣೆಯ ಗೊಂಡೆಗಳ ಅಲಂಕಾರ ಮಾಡಿಸಿಕೊಂಡು ನನ್ನನ್ನೇ ನೋಡುತ್ತಿತ್ತು. ಕುರುಬರಿಂದ ಕೊಂಡು ತಂದದ್ದು ಎಂದ ವ್ಯಾಪಾರಿ. ವಯಸ್ಸಾದ ಮನುಷ್ಯ, ತಲೆಗೆ ದೊಡ್ಡ ಪಟಗಾ, ಹೆಗಲ ಮೇಲೆ ವಲ್ಲಿ ವಸ್ತ್ರ. ಹೆಸರು ಬಿಜಲಿ ಎಂದೂ ಹೇಳಿದ. ನಮ್ಮೂರಿಗೆ ಆಗ ಬಿಜಲಿ, ಅಂದರೆ ಕರೆಂಟು, ಬರುತ್ತಿದ್ದ ರೀತಿ ನೋಡಿದರೆ ಹೆಸರು ತಪ್ಪಲ್ಲ. ನಾನು ಪರೀಕ್ಷೆಗೆ ನಿಂತೆ. ಅಭ್ಯಾಸಬಲದಿಂದ ಮೊದಲು ಹಿಂದಕ್ಕೇ ಹೋದೆ. ಹಾಗೆ ಹಿಂದೆ ನಿಲ್ಲಬಾರದೆಂದು ವ್ಯಾಪಾರಿ ಮುಂದಕ್ಕೆ ಕರೆದ. ಹಲ್ಲು ನೋಡಬೇಕೆಂದು ಎಲ್ಲೋ ಕೇಳಿದ್ದೆ. ತುಟಿ ಎತ್ತಿಸಿ ನೋಡಿದೆ. ಹಲ್ಲುಗಳು ಇದ್ದವು. ಗಂಭೀರವಾಗಿ ತಲೆಯಾಡಿಸಿದೆ.

ಇನ್ನು ಬೆಲೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿಯಿಲ್ಲ. ವಲ್ಲಿಯ ಕೆಳಗೆ ಮಾರುವವನೂ ಕೊಳ್ಳುವವನೂ ಕೈ ಕೈ ಹಿಡಿದು, ಬೆರಳು ಒತ್ತಿ ಒತ್ತಿ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಇಬ್ಬರು ಗಂಡಸರು ಆಕಾಶ ನೋಡುತ್ತ ನಿಂತಂತೆ ಕಾಣುತ್ತದೆ. ವ್ಯಾಪಾರಿ ವಲ್ಲಿ ತೆಗೆದು ನಮ್ಮ ಮನೆಯವರ ಕೈ ಹಿಡಿದ. ಕಾರ್ಖಾನೆಯ ಮನುಷ್ಯ, ಬೆರಳಿನ ಭಾಷೆ ಇವರಿಗೇನು ಗೊತ್ತು? ಅವನು ಒತ್ತಿದಾಗಲೆಲ್ಲ ಸೌಜನ್ಯಕ್ಕೆ ಇವರೂ ಒತ್ತಿದರು. ವ್ಯಾಪಾರಿಯ ಮುಖ ಅರಳುತ್ತ ಹೋದದ್ದನ್ನು ಕಂಡು ನನಗೆ ದಿಗಿಲಾಯಿತು. ಇವರು ಬೆಲೆ ಏರಿಸುತ್ತಿದ್ದಾರೆಂದು ಹೊಳೆಯಿತು. ಅಷ್ಟರಲ್ಲಿ ಇವರಿಗೂ ಏನೋ ಅನುಮಾನ ಬಂದು ಕೈ ಎಳೆದುಕೊಂಡರು. "ಇಕಿನ್ನ ಕೇಳ್ರಿ, ಏರಾಕಿ ಇಕಿ" ಎಂದು ನನ್ನನ್ನು ತೋರಿಸಿ ಹಿಂದೆ ಸರಿದರು.

ವ್ಯಾಪಾರಿ ಕಂಗಾಲಾದ. ಹೆಣ್ಣುಮಗಳ ಜೊತೆ ಕೈವ್ಯಾಪಾರ ಅವನು ಎಂದೂ ಮಾಡಿದವನಲ್ಲ. ಬಾಯಲ್ಲೇ ಹೇಳಿ ಎಂದೆ. ಬಾಯಲ್ಲಿ ಹೇಳಿದರೆ ಅದು ವ್ಯಾಪಾರವೇ ಅಲ್ಲ ಎಂದ. ಆಗಲಿ, ಪದ್ಧತಿ ಕೆಡುವುದು ಬೇಡ ಎಂದು ನಾನು ಸೆರಗು ಸರಿಪಡಿಸಿಕೊಂಡು ವಲ್ಲಿಯ ಕೆಳಗೆ ಕೈ ಚಾಚಿದೆ. ಸುತ್ತಲಿನವರು ದನಗಳನ್ನು ಬಿಟ್ಟು ನಮ್ಮ ಕಡೆ ತಿರುಗಿದರು. ಪಾಪ ಆ ಮನುಷ್ಯ ಕೆಂಡ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡು, ಗಾಬರಿಯಲ್ಲಿ ತನ್ನ ಮನಸ್ಸಿನಲ್ಲಿದ್ದ ಕೊನೆಯ ಬೆಲೆಯನ್ನು ಇಡೀ ಸಂತೆಗೆ ಕೇಳುವಂತೆ ಹೇಳಿಬಿಟ್ಟ. ಒಪ್ಪಿದೆ ಎಂದೆ. ಆ ಬೆಲೆ ಎಷ್ಟೆಂದು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಅವನ ವಲ್ಲಿಯ ಮರ್ಯಾದೆಯನ್ನು ಅಷ್ಟಾದರೂ ಉಳಿಸಬೇಕು.

ಹಣ ಕೊಟ್ಟು ಹಗ್ಗ ಕೈಗೆ ಬಂದ ಮೇಲೆ ಮುದುಕ ನನ್ನನ್ನು ತಡೆದ.

"ವಲ್ಲ್ಯಾಗ ಆದ ವ್ಯಾಪಾರದಾಗ ಐಬೂ ವಲ್ಲ್ಯಾಗ ಮುಚ್ಚಿ ಹೋಕ್ಕೈತಿ. ಇದು ಬಾಯಿಲೆ ಆಗೇತಿ ತಂಗಿ, ನಾ ಏನ ಮುಚ್ಚೂಹಂಗಿಲ್ಲ. ಇದನ್ನೊಂದ ನೋಡಕೊಂಡ ಹೋಗು."

ಅವನು ಕೆನ್ನೆಯ ಗೊಂಡೆ ಎತ್ತಿದ. ಎಡಗಣ್ಣಿನ ಕೆಳಗೆ, ಕಣ್ಣೀರು ಇಳಿಯುವ ಜಾಗದಲ್ಲಿ, ಕೂದಲು ಒಂದು ಸಣ್ಣ ಸುಳಿಯಾಗಿ ತಿರುಗಿತ್ತು. ಕಣ್ಣೀರ ಸುಳಿ. ಅಂಥ ಕುದುರೆ ಯಾರ ಮನೆಗೆ ಹೋಗುತ್ತದೋ ಆ ಮನೆಯವರು ಅಳುತ್ತಾರೆಂದು ನಮ್ಮ ಕಡೆ ದೊಡ್ಡವರಿಂದ ಚಿಕ್ಕವರವರೆಗೆ ಎಲ್ಲರೂ ನಂಬುತ್ತಾರೆ. ಬೇಡವಾದರೆ ಹಣ ತೆಗೆದುಕೋ ಎಂದು ಮುದುಕ ಕೈ ಚಾಚಿದ. ನಮ್ಮ ಮನೆಯವರ ಮುಖ ಬಿಳುಪೇರಿತ್ತು. ಸುಳಿಗೆ ನಾನು ಹೆದರಲಿಲ್ಲ. ನಾನು ಕೂರುವುದು ಅದರ ಬೆನ್ನ ಮೇಲೆ, ಕಣ್ಣಿನ ಮೇಲಲ್ಲ. ಹೆದರಿದ್ದು ಅತ್ತೆಗೆ. ಅವರು ಬಾಗಿಲಲ್ಲೇ ಬೇಡವೆಂದರೆ ಕುದುರೆಯೂ ಹೋಯಿತು, ನೌಕರಿಯೂ ಹೋಯಿತು. ಆದರೆ ಮಳೆಗೆ ಮುನ್ನ ಮತ್ತೊಂದು ತಟ್ಟು ಎಲ್ಲಿ ಹುಡುಕಲಿ? ಗೊಂಡೆಯನ್ನು ಮತ್ತೆ ಇಳಿಬಿಟ್ಟು ಹಗ್ಗ ಹಿಡಿದು ನಡೆದೆ.

ಹೊಸ ಜಾನುವಾರು ಮನೆಗೆ ಬಂದರೆ ಕಾಲಿಗೆ ನೀರು ಹಾಕಿ, ಕುಂಕುಮ ಹಚ್ಚಿ ಒಳಗೆ ಕರೆದುಕೊಳ್ಳಬೇಕು. ಅದು ಮುತ್ತೈದೆಯರ ಕೆಲಸ. ವಿಧವೆಯಾದ ಅತ್ತೆ ಇಂಥ ಹೊತ್ತಿನಲ್ಲಿ ಯಾವಾಗಲೂ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದರು. ಅಂದು ಅವರು ಸರಿಯಲಿಲ್ಲ. ನೇರ ಬಂದು ಕುದುರೆಯ ಕುತ್ತಿಗೆ ಸವರಿದರು, ಕಾಲು ನೋಡಿದರು. ಆಮೇಲೆ ಗೊಂಡೆ ಎತ್ತಿದರು.

"ಕಣ್ಣೀರ ಸುಳಿ ಐತಿ."

"ಹೌದ್ರಿ."

"ಗೊತ್ತಿದ್ದ ತಂದಿ?"

"ಗೊತ್ತಿದ್ದ ತಂದೇನ್ರಿ."

ಓಣಿಯ ಹೆಂಗಸರು ಆಗಲೇ ಸೇರಿದ್ದರು. ಅತ್ತೆ ಆ ಸುಳಿಯ ಮೇಲೆ ಹೆಬ್ಬೆರಳಿಟ್ಟರು.

"ಈ ಮನ್ಯಾಗ ಅಳೂದ ಏನಿತ್ತೋ ಅಷ್ಟೂ ನಾ ಅತ್ತ ಮುಗಿಸೇನಿ" ಎಂದರು. "ಇದು ಇನ್ನ ಯಾರನ್ನ ಅಳಸತೈತಿ, ಅಳಸ್ಲಿ ನೋಡೂಣು. ನೀರ ತಾ."

ನಾನು ತಂದ ತಂಬಿಗೆಯನ್ನು ಕೈಯಿಂದ ಕಸಿದುಕೊಂಡು ತಾವೇ ಗೊರಸುಗಳಿಗೆ ನೀರು ಹಾಕಿದರು. ನನಗೆ ಒಮ್ಮೆಲೇ ಅಳು ಬಂದು, ತಡೆಯಲಾಗದೆ ಅಲ್ಲೇ ಬಿಕ್ಕಿದೆ. ಅತ್ತೆ ತಿರುಗಿ ನೋಡಿದರು. ಆಯಿತಲ್ಲ, ಸುಳಿಯ ಲೆಕ್ಕ ಇಲ್ಲಿಗೇ ತೀರಿತು, ಇನ್ನು ಕುದುರೆ ಕಟ್ಟು ಎಂದರು. ಅವರು ತಮಾಷೆ ಮಾಡಬಲ್ಲರೆಂದು ನನಗೆ ಗೊತ್ತಾದದ್ದು ಆವತ್ತೇ.

ಮೇ ತಿಂಗಳಿಡೀ ನನ್ನ ತಾಲೀಮು. ಮೊದಲನೆಯ ದಿನ ಅತ್ತೆ ಪೆಟ್ಟಿಗೆಯಿಂದ ತಮ್ಮ ಒಂಬತ್ತುವಾರಿ ಸೀರೆ ತೆಗೆದು, ನನ್ನನ್ನು ಗೊಂಬೆಯಂತೆ ತಿರುಗಿಸಿ ಕಚ್ಚೆ ಹಾಕಿ ಉಡಿಸಿದರು. ಹೀಗೆ ಉಟ್ಟರೆ ಕುದುರೆಯೇನು, ಕೋಟೆಯನ್ನೂ ಏರಬಹುದು ಎಂದರು. ನಾನು ಕೋಟೆ ಏರಲಿಲ್ಲ, ಕುದುರೆಯಿಂದ ಬಿದ್ದೆ. ಗಿಡ್ಡ ಕುದುರೆಯ ಅನುಕೂಲ ಆಗ ತಿಳಿಯಿತು: ಬಿದ್ದರೂ ದೂರ ಬೀಳುವುದಿಲ್ಲ. ಬಿಜಲಿಯ ಒಂದೇ ದೋಷವೆಂದರೆ ಅದು ತನ್ನನ್ನು ಇನ್ನೂ ಕುರುಬರ ಕುದುರೆಯೆಂದೇ ತಿಳಿದಿತ್ತು. ಕುರಿಹಿಂಡು ಕಂಡರೆ ಸಾಕು, ನನ್ನನ್ನೂ ಹೊತ್ತುಕೊಂಡು ಹೋಗಿ ಅದರ ನಡುವೆ ನಿಂತುಬಿಡುತ್ತಿತ್ತು. ಒಂದು ಮುಂಜಾನೆ ಹಾಗೆ ಹಿಂಡಿನ ಜೊತೆ ನಾನು ಮುಂದಿನ ಊರಿನ ಸೀಮೆಯವರೆಗೆ ಹೋಗಿ ಬಂದೆ. ಕುರುಬ ಹೆಣ್ಣುಮಕ್ಕಳು ಅಷ್ಟರಲ್ಲಿ ನನ್ನ ತವರು, ಗಂಡ, ಸಂಬಳ ಎಲ್ಲ ವಿಚಾರಿಸಿಕೊಂಡಿದ್ದರು. ಇತ್ತ ಮನೆಯಲ್ಲಿ ಅತ್ತೆ ಬಿಜಲಿಗೆ ಕೊಡುವ ನೀರನ್ನೂ ಬಟ್ಟೆಯಲ್ಲಿ ಸೋಸತೊಡಗಿದ್ದರು. ಮೇವೂ ಹೊತ್ತು ಮುಳುಗುವ ಮೊದಲೇ. ಹೀಗಾಗಿ ನಮ್ಮ ಮನೆಯಲ್ಲಿ ಅದು ಜೈನರ ಕುದುರೆ, ಹೊರಗೆ ಹೋದರೆ ಕುರುಬರ ಕುದುರೆ.

ಜೂನಿನಲ್ಲಿ ಶಾಲೆ ತೆರೆಯಿತು. ಬಿಜಲಿಯನ್ನು ಬೇವಿನ ಮರಕ್ಕೆ ಕಟ್ಟಿ ಪಾಠ ಮಾಡುತ್ತಿದ್ದೆ. ಸಂಜೆ ಮಕ್ಕಳು "ಸಾಲೀ ಬಿಟ್ತೋ" ಎಂದು ಕೂಗುತ್ತ ಹೊರಗೆ ಓಡಿದರೆ ಅದೂ ಕಿವಿ ನಿಮಿರಿಸಿ ಮನೆಯ ಕಡೆ ಮುಖ ಮಾಡಿ ನಿಲ್ಲುತ್ತಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಪಾಠವನ್ನು ಇಷ್ಟು ಬೇಗ ಕಲಿತವರು ಕಡಿಮೆ.

ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಹುಯ್ಯಿತು, ನಿಂತಿತು, ಮತ್ತೆ ಹುಯ್ಯಿತು. ಶಾಲೆ ಬಿಟ್ಟಾಗ ದಾರಿ ಎಲ್ಲಿದೆಯೆಂದು ನೆನಪಿನಿಂದ ಹೇಳಬೇಕಿತ್ತು. ಬಿಜಲಿ ಮಾತ್ರ ತಲೆ ಕೆಳಗೆ ಹಾಕಿ, ಒಂದೊಂದೇ ಕಾಲು ಕಿತ್ತು ಇಡುತ್ತ, ಏನೂ ಆಗಿಲ್ಲವೆಂಬಂತೆ ನಡೆಯಿತು. ಹೋದ ವರ್ಷ ನಾನು ಚಪ್ಪಲಿ ಕಳೆದುಕೊಂಡ ಜಾಗಗಳನ್ನೆಲ್ಲ ಮೇಲಿನಿಂದ ನೋಡುತ್ತ ದಾಟಿದೆ. ಅರ್ಧ ದಾರಿಯಲ್ಲಿ, ಜಾಲಿಮರಗಳ ಕೆಳಗೆ ಒಂದು ಕುರಿಹಿಂಡು ಮೈಗೆ ಮೈ ತಾಗಿಸಿಕೊಂಡು ನಿಂತಿತ್ತು. ಬಿಜಲಿ ನಡುವೆ ಹೋಗಿ ನಿಂತಿತು. ಹಿಮ್ಮಡಿಯಿಂದ ಒತ್ತಿದೆ, ಲಗಾಮು ಜಗ್ಗಿದೆ, ಅಕ್ಕರೆಯಿಂದ ಕೇಳಿಕೊಂಡೆ. ಮೋಡದಲ್ಲಿ ಸೂರ್ಯ ಎಷ್ಟು ಇಳಿದಿದ್ದಾನೆಂದೂ ತಿಳಿಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತ ಅತ್ತೆ ಕಣ್ಣಮುಂದೆ ಬಂದರು. ಇವತ್ತು ತಪ್ಪಿದರೆ ನಾಳೆ ರಾಜೀನಾಮೆ. ಕೊನೆಗೆ, ಕುರುಬರು ನೋಡುತ್ತಿದ್ದರೂ ಸರಿಯೆಂದು ಗಂಟಲು ಹರಿಯುವಂತೆ "ಸಾಲೀ ಬಿಟ್ತೋ" ಎಂದು ಕೂಗಿದೆ. ಬಿಜಲಿ ಕಿವಿ ನಿಮಿರಿಸಿತು, ಕುರಿಗಳನ್ನು ಸರಿಸಿಕೊಂಡು ಹೊರಬಂದು ಮನೆಯ ದಾರಿ ಹಿಡಿಯಿತು. ಹಿಂದಿನಿಂದ ಯಾರೋ ನಕ್ಕರು. ನಗಲಿ ಎಂದುಕೊಂಡೆ.

ಮನೆ ಮುಟ್ಟಿದಾಗ ಕಟ್ಟೆಯ ಮೇಲೆ ಅತ್ತೆ ಇರಲಿಲ್ಲ. ಹೊತ್ತು ಮುಳುಗಿ, ಎಲ್ಲ ಎತ್ತಿಟ್ಟು, ಉಪವಾಸವೇ ಮಲಗಿಬಿಟ್ಟರೇ? ಕುದುರೆಯನ್ನು ಕಟ್ಟದೆ ಹಾಗೇ ಒಳಗೆ ಓಡಿದೆ. ಅತ್ತೆ ತಮ್ಮ ತಾಟು ತೊಳೆದು ಗೋಡೆಗೆ ಒರಗಿಸುತ್ತಿದ್ದರು. ಊಟವಾಯಿತೇ ಎಂದು ಕೇಳಿದೆ. ಆಯಿತು ಎಂದರು. ಒಂದು ಕ್ಷಣ ನನಗೆ ಬಹಳ ಕೆಟ್ಟದೆನಿಸಿತು. ಉಪವಾಸ ಬಿದ್ದಾಗಲೆಲ್ಲ ಕಾದವರು, ಇಷ್ಟು ಕಷ್ಟಪಟ್ಟು ಬಂದ ದಿನವೇ ಕಾಯಲಿಲ್ಲವಲ್ಲ. ಅದನ್ನು ಬಾಯಿಬಿಟ್ಟು ಕೇಳಿಯೂಬಿಟ್ಟೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ನನ್ನ ಕಡೆ ನೋಡಿದರು.

"ಬರ್ತಿಯೋ ಇಲ್ಲೋ ಅನ್ನೂ ಚಿಂತಿ ಇದ್ದಾಗ ಕಾಯತಿದ್ದೆ. ಈಗ ಬರ್ತಿ ಅಂತ ಗೊತ್ತೈತಿ. ಹಸಿವಾತು, ಉಂಡೆ. ಹೊತ್ತ ಇನ್ನೂ ಐತಿ, ಕೈಕಾಲ ತೊಳಕೊಂಡ ನೀನೂ ಉಣ್ಣು."

ಆ ಮನೆಯಲ್ಲಿ ನನ್ನ ನೌಕರಿಯ ಪ್ರಶ್ನೆ ಮತ್ತೆಂದೂ ಏಳಲಿಲ್ಲ. ನಾನು ಕೈಕಾಲು ತೊಳೆದು ಬಂದೆ. ಕಿಟಕಿಯಿಂದ ತಾಟಿನ ಮೇಲೆ ಇನ್ನೂ ಬೆಳಕು ಬೀಳುತ್ತಿತ್ತು. ಒಬ್ಬಳೇ ಕೂತು, ಯಾರೂ ಕಾಯದ ಊಟವನ್ನು, ಹೊಟ್ಟೆ ತುಂಬ ಉಂಡೆ.